ಸಿಡುಬನ್ನು ಅಟ್ಟಿದವರು ಯಾರು?

ಸಿಡುಬೆಂಬ ಮಹಾಮಾರಿಯು ಭೂಮಂಡಲದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆಯು 1980ನೆಯ ಇಸವಿ ಮೇ 8ರಂದು ಸಾರಿತು. ನಮ್ಮ ದೇಶದಲ್ಲಾದರೋ 1975ರ ಮೇ ತಿಂಗಳಿನಿಂದೀಚೆಗೆ ಆ ಬೇನೆ ತಲೆಯೆತ್ತಿರುವುದಿಲ್ಲ. ಇಂದಿನ ತರುಣರಿಗೆ ಅದು ಹಿರಿಯರ ಬಾಯಲ್ಲಿ ಕೇಳುವ ಒಂದು ಮಾತು ಮಾತ್ರ. ಶತ್ರುವು ಅಳಿದ ಮೇಲೆ ಗೆಲವಿನ ಕೀರ್ತಿಗೆ ಹಕ್ಕುದಾರರು ಹುಟ್ಟಿಕೊಳ್ಳುವುದು ಲೋಕರೂಢಿ. ಒಂದು ಪಕ್ಷದವರು, ಈ ವಿದ್ಯೆಯೆಲ್ಲವೂ ನಮ್ಮ ಪುರಾತನ ವೈದ್ಯಶಾಸ್ತ್ರದಲ್ಲಿಯೇ ಇದ್ದಿತು, ಬಿಳಿಯರು ಅದನ್ನು ನಮ್ಮಿಂದ ಕದ್ದೊಯ್ದರು ಎನ್ನುತ್ತಾರೆ. ಇನ್ನೊಂದು ಪಕ್ಷದವರು, ಅಜ್ಞಾನದಲ್ಲಿ ಮುಳುಗಿದ್ದ ನಮ್ಮ ಜನರನ್ನು ಇಂಗ್ಲಿಷರೇ ಕೈಹಿಡಿದು ಮೇಲೆತ್ತಿದರು ಎನ್ನುತ್ತಾರೆ. ಈ ಎರಡು ಮಾತುಗಳೂ ಸತ್ಯಕ್ಕೆ ದೂರವೆಂದೂ, ಎರಡರಿಂದಲೂ ನಮ್ಮ ನಾಡಿಗೆ ಹಾನಿಯೆಂದೂ ನಾವು ಬಲ್ಲೆವು. ಆದುದರಿಂದಲೇ ಈ ವಿಷಯವನ್ನು ವಾಚಕರ, ಅದರಲ್ಲಿಯೂ ಉಪಾಧ್ಯಾಯ ಮಹಾಶಯರ, ಮುಂದಿಡುತ್ತಿದ್ದೇವೆ.

ಮೊದಲು ಬೇನೆಯ ಸ್ವರೂಪವನ್ನು ನೆನೆಯಬೇಕು. ಸಿಡುಬು ತಗುಲಿದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು. ಬದುಕಿ ಉಳಿದವರ ಮುಖದಲ್ಲಿ ಕುಳಿಗಳು ಉಳಿಯುತ್ತಿದ್ದವು. ಅನೇಕರಿಗೆ ಕಣ್ಣೇ ಹೋಗುತ್ತಿತ್ತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಸೀಮೆಯಲ್ಲಿ ಮಾರಮ್ಮನ ಗುಡಿಯಿಲ್ಲದ ಹಳ್ಳಿಯನ್ನು ಹುಡುಕಿ ತೆಗೆಯುವುದು ಕಷ್ಟ. ದೊಡ್ಡಬಳ್ಳಾಪುರದಲ್ಲಿ ಜನರು ಇಂದಿಗೂ ಭಕ್ತಿಯಿಂದ ನಡೆದುಕೊಳ್ಳುವ ಮುತ್ಯಾಲಮ್ಮನ ಹೆಸರನ್ನೇ ನೋಡಿರಿ. ಮುತ್ಯಾಲೆಂದರೆ ಮುತ್ತುಗಳು. ಮೈಮೇಲೆದ್ದ ಕೀವುಗುಳ್ಳೆಗಳನ್ನು ಹೆಸರಿಟ್ಟು ಹೇಳಲು ಅಂಜಿದ ಜನರು ‘ಅಮ್ಮ ಮುತ್ತು ಹಾಕಿದ್ದಾಳೆ’ ಎಂದರು. ಹೆತ್ತ ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೈಸಾಗದೆ ಕುಳಿತ ತಾಯಂದಿರು ಆಡಿದ ಮಾತು ಅದು. ಅದನ್ನು ಕೇಳಿ ನಗುವವನು ಹೃದಯಹೀನನೇ ಸರಿ.

ನಮ್ಮ ಹಿರಿಯರ ನಡವಳಿಕೆಯಲ್ಲಿ ಬರಿಯ ಮೌಢ್ಯವೇ ತುಂಬಿತ್ತೆನ್ನುವುದೂ ನ್ಯಾಯವಲ್ಲ. ಬೇನೆ ಬಿದ್ದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುವುದು ನೋಡಿದವರಿಗೆ ‘ಒಳಗೆ ಬರಬೇಡಿರಿ’ ಎಂಬ ಸೂಚನೆಯಾಗಿತ್ತು. ಹೊರಗಿನವರನ್ನು ಒಳಗೆ ಸೇರಿಸದಿರುವುದು, ಒಗ್ಗರಣೆಯ ಘಾಟು ಏಳದಂತೆ ನೋಡಿಕೊಳ್ಳುವುದು, ರೋಗಿಗೆ ತಂಪಾದ ಆಹಾರವನ್ನು ಕೊಡುವುದು, ಇವೆಲ್ಲ ಅನುಭವದಿಂದ ಬಂದ ವಿವೇಕ. ಆದರೆ ಆ ವಿವೇಕದ ಪಕ್ಕದಲ್ಲಿಯೇ, ಹುಣ್ಣಿನ ಹೊಪ್ಪಳೆ ಪೂರ್ತಿಯಾಗಿ ಉದುರುವ ಮೊದಲೇ ನೀರು ಹಾಕಿಸಿ ನಂಟರಿಷ್ಟರನ್ನು ಕರೆಯುವುದೂ, ಊರ ಮೇಲೆ ಬೇನೆಯಿರುವಾಗಲೇ ಜಾತ್ರೆ ಸೇರಿಸುವುದೂ ನಡೆದಿದ್ದವು. ಬಾಗಿಲಲ್ಲಿ ತಡೆದ ಮಾರಿಯನ್ನು ಜಾತ್ರೆಯಲ್ಲಿ ಹಂಚಿದಂತಾಗುತ್ತಿತ್ತು.

ಈಗ ವೈದ್ಯರ ಪ್ರಯತ್ನದ ಕಡೆಗೆ ಬರೋಣ. ಒಮ್ಮೆ ಸಿಡುಬು ಬಂದು ಹೋದವನಿಗೆ ಅದು ಮತ್ತೆ ಬರುವುದು ತೀರ ಅಪರೂಪವೆಂಬುದನ್ನು ಏಷ್ಯಾಖಂಡದ ಜನರು ಬಹು ಹಿಂದೆಯೇ ಕಂಡುಕೊಂಡಿದ್ದರು. ಹಾಗಾದರೆ, ಬೇನೆಯು ತಾನಾಗಿ ಬರುವ ಮೊದಲೇ ಅದರ ಕೀವನ್ನು ಸ್ವಲ್ಪ ಮಾತ್ರ ಮೈಗೆ ಸೇರಿಸಿ ಹಗುರವಾದ ಬೇನೆಯನ್ನು ಬರಿಸಿಕೊಂಡರೆ ಹೇಗೆ? ಚೀನದಲ್ಲಿ ಒಣಗಿದ ಹೊಪ್ಪಳೆಯ ಪುಡಿಯನ್ನು ಮೂಗಿನೊಳಕ್ಕೆ ಊದುತ್ತಿದ್ದರು. ವಂಗದೇಶದಲ್ಲಿ ಟೀಕಾದಾರರೆಂಬವರು ತೋಳಿನ ಚರ್ಮವನ್ನು ಗೀರಿ, ಹಿಂದಿನ ವರ್ಷದ ಕೀವನ್ನು ಸವರಿ, ಪಥ್ಯವನ್ನು ವಿಧಿಸುತ್ತಿದ್ದರು. ಹಾಲ್ವೆಲ್ ಎಂಬ ಇಂಗ್ಲಿಷ್ ವೈದ್ಯನು ಈ ಪದ್ಧತಿಯನ್ನು ಕಣ್ಣಾರೆ ಕಂಡು 1767ರಲ್ಲಿ ಲಂಡನ್ನಿನ ವೈದ್ಯರಿಗಾಗಿ ಪುಸ್ತಕವನ್ನೇ ಬರೆದನು. ಇಂಗ್ಲೆಂಡಿಗೆ ಈ ಉಪಾಯವು ಅದಕ್ಕೂ ಮೊದಲು, 1721ರಲ್ಲಿ, ಲೇಡಿ ಮೇರಿ ಮಾಂಟೆಗ್ಯೂ ಎಂಬ ಮಹಿಳೆಯ ಮೂಲಕ ತುರ್ಕಿಯಿಂದ ಬಂದಿತ್ತು. ಪೂರ್ವದೇಶದ ಈ ಕಾಣಿಕೆಯನ್ನು ಯಾರೂ ಅಲ್ಲಗಳೆಯಲಾರರು.

ಆದರೆ ಅದರಲ್ಲಿ ಒಂದು ದೋಷವಿದ್ದಿತು. ಅಲ್ಲಿ ಮೈಗೆ ಸೇರಿಸುತ್ತಿದ್ದುದು ನಿಜವಾದ ಸಿಡುಬಿನ ವಿಷವನ್ನೇ. ಹಾಕಿಸಿಕೊಂಡ ನೂರು ಮಂದಿಯಲ್ಲಿ ಒಬ್ಬಿಬ್ಬರು ಸಾಯುತ್ತಿದ್ದರು. ಅದಕ್ಕಿಂತಲೂ ಹೆಚ್ಚಾಗಿ, ಅವರಿಂದ ನೆರೆಹೊರೆಯವರಿಗೆ ಪೂರ್ಣಬಲದ ಬೇನೆಯೇ ಹರಡುತ್ತಿತ್ತು. ಒಂದು ಮನೆಗೆ ರಕ್ಷೆಯಾದುದು ಒಂದು ಕೇರಿಗೆ ಕೇಡಾಗಬಹುದಾಗಿತ್ತು. ಈ ದೋಷವನ್ನು ನೀಗಿದವನು ಎಡ್ವರ್ಡ್ ಜೆನ್ನರ್. ಹಸುವಿನ ಕೆಚ್ಚಲಲ್ಲಿ ಏಳುವ ಗುಳ್ಳೆಬೇನೆ ತಗುಲಿದ ಹಾಲು ಕರೆಯುವ ಹೆಂಗಸರಿಗೆ ಸಿಡುಬು ಬರುವುದಿಲ್ಲವೆಂಬ ಹಳ್ಳಿಗರ ಮಾತನ್ನು ಅವನು ತಳ್ಳಿಹಾಕದೆ ಪರೀಕ್ಷಿಸಿದನು. 1796ರ ಮೇ 14ರಂದು ಎಂಟು ವರ್ಷದ ಹುಡುಗನೊಬ್ಬನ ತೋಳಿಗೆ ಗೋವಿನ ಸಿಡುಬಿನ ರಸವನ್ನು ಹಾಕಿದನು. 1798ರಲ್ಲಿ ತಾನು ಕಂಡುದನ್ನು ಅಚ್ಚು ಹಾಕಿಸಿದನು. ಈ ರಸದಿಂದ ತೋಳಿನಲ್ಲಿ ಒಂದು ಗುಳ್ಳೆ ಏಳುವುದೇ ಹೊರತು ಸಿಡುಬು ಹರಡುವುದಿಲ್ಲ. ಹಳ್ಳಿಯ ಹೆಂಗಸರ ಅನುಭವಕ್ಕೆ ವೈದ್ಯನೊಬ್ಬನು ಕಿವಿಗೊಟ್ಟುದರಿಂದ ಲೋಕಕ್ಕೆ ಇಷ್ಟು ದೊಡ್ಡ ಲಾಭವಾಯಿತೆಂಬುದನ್ನು ನಮ್ಮ ವಿದ್ಯಾವಂತರು ಮರೆಯಬಾರದು.

ರಸವು ಇಂಗ್ಲೆಂಡಿನಿಂದ ನಮ್ಮಲ್ಲಿಗೆ ಬಂದುದು ಹೇಗೆ? ದಾರದಲ್ಲಿ ನೆನೆಸಿ ಗಾಜಿನ ನಡುವೆ ಮುಚ್ಚಿ ಕಳುಹಿಸಿದ ರಸವು ಹಡಗಿನ ತಿಂಗಳುಗಟ್ಟಲೆಯ ಪ್ರಯಾಣದಲ್ಲಿ, ಉಷ್ಣದೇಶಗಳ ಬಿಸಿಲಿನಲ್ಲಿ, ಸತ್ತುಹೋಗುತ್ತಿತ್ತು. ಕಡೆಗೆ ವಿಯೆನ್ನಾ, ಬಾಗ್ದಾದು, ಬಸ್ರಾಗಳ ಮಾರ್ಗವಾಗಿ ಬಂದ ರಸವು ಮುಂಬಯಿಯಲ್ಲಿ ಫಲಿಸಿತು. 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗುವಿನ ತೋಳಿನಲ್ಲಿ ಭಾರತದ ಮೊದಲ ದಾಕು ಎದ್ದಿತು. ಆ ಮಗುವಿನ ಗುಳ್ಳೆಯಿಂದ ಇತರ ಮಕ್ಕಳಿಗೆ, ಅವರಿಂದ ಮತ್ತಿತರರಿಗೆ, ಹೀಗೆ ತೋಳಿನಿಂದ ತೋಳಿಗೆ, ಊರಿನಿಂದ ಊರಿಗೆ ರಸವು ನಡೆಯಿತು. ಮಗುವಿನ ಗುಳ್ಳೆ ಏಳು ಎಂಟು ದಿನಗಳಲ್ಲಿ ಪಕ್ವವಾಗುವುದು. ಅಷ್ಟರೊಳಗೆ ಮುಂದಿನ ಮಗುವು ಸಿಕ್ಕದಿದ್ದರೆ ಸರಪಳಿ ಕಡಿದುಹೋಗುವುದು. ಮಂಜಿನ ಪೆಟ್ಟಿಗೆಗಳಿಲ್ಲದ ಆ ಕಾಲದಲ್ಲಿ ಔಷಧವನ್ನು ಹೊತ್ತು ತಂದ ಪಾತ್ರೆಗಳೆಂದರೆ ಹಸುಳೆಗಳ ತೋಳುಗಳೇ. ಅವುಗಳಲ್ಲಿ ಬಹುಪಾಲು ಬಡವರ ಮಕ್ಕಳ ತೋಳುಗಳು. ಅವರ ಹೆಸರುಗಳು ಯಾವ ಶಾಸನದಲ್ಲಿಯೂ ಇಲ್ಲ.

ಇನ್ನು ನಮ್ಮ ಮೈಸೂರು ದೇಶದ ಮಾತು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದು, ಬಾಲಕರಾದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಗಿ, ಪೂರ್ಣಯ್ಯನವರು ದಿವಾನಗಿರಿಯನ್ನು ನಡೆಸುತ್ತಿದ್ದ ಕಾಲದಲ್ಲಿಯೇ ದಾಕು ಇಲ್ಲಿಗೆ ಬಂದಿತು. ಜನರು ದೊಡ್ಡಸ್ವಾಮಿಯೆಂದು ಕರೆಯುತ್ತಿದ್ದ ಫ್ರೆಂಚ್ ಪಾದ್ರಿ ಅಬೆ ದುಬ್ವಾ ನಮ್ಮ ಊರುಗಳಲ್ಲಿ ನಮ್ಮವರ ಉಡುಗೆಯನ್ನೇ ಉಟ್ಟು, ನಮ್ಮವರ ಊಟವನ್ನೇ ಉಂಡು, ದಾಕು ಹಾಕಿಸುವ ಕೆಲಸಕ್ಕೆ ದುಡಿದನು. ಆತನು ನಮ್ಮ ಆಚಾರಗಳನ್ನು ಕುರಿತು ಬರೆದ ಗ್ರಂಥದ ಅನೇಕ ಮಾತುಗಳನ್ನು ನಾವು ಒಪ್ಪಲಾರೆವು. ಆದರೂ ಈ ಸೇವೆಯನ್ನು ಸ್ಮರಿಸದಿರುವುದು ಕೃತಘ್ನತೆಯಾಗುವುದು.

ಅದೇ ಕಾಲದ ಒಂದು ಚಿತ್ರದ ಕಥೆಯನ್ನು ಪ್ರತಿಯೊಬ್ಬ ಕನ್ನಡಿಗನೂ ತಿಳಿದಿರಬೇಕು. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರನು ಮೈಸೂರಿನಲ್ಲಿ ಮೂವರು ಸ್ತ್ರೀಯರ ಚಿತ್ರವನ್ನು ಬರೆದನು. ಬಹುಕಾಲದವರೆಗೆ ಅವರನ್ನು ನರ್ತಕಿಯರೆಂದೇ ಪರದೇಶದವರು ಎಣಿಸಿದ್ದರು. ನೈಜೆಲ್ ಚಾನ್ಸೆಲರ್ ಎಂಬ ಇತಿಹಾಸಕಾರರು 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅವರು ಮೈಸೂರು ಅರಮನೆಯ ರಾಣಿವಾಸದವರೆಂದು ವಾದಿಸಿದರು. ಬಲಗಡೆಯಲ್ಲಿರುವವರು ಮಹಾರಾಜರ ಕಿರಿಯ ರಾಣಿ ದೇವಾಜಮ್ಮಣ್ಣಿಯವರು. ಅವರು ಸೆರಗನ್ನು ಸರಿಸಿ ದಾಕು ಹಾಕಿಸಿಕೊಂಡ ತೋಳಿನ ಕಡೆಗೆ ಬೆರಳು ಮಾಡಿದ್ದಾರೆ. ಎಡಗಡೆಯಲ್ಲಿರುವ ಹಿರಿಯ ರಾಣಿಯ ಮೂಗುಬಾಯಿಗಳ ಸುತ್ತಲೂ ಕಾಣುವ ಬಣ್ಣಗೇಡು, ಹಳೆಯ ಪದ್ಧತಿಯಂತೆ ಸಿಡುಬಿನ ಪುಡಿಯನ್ನು ಮೂಗಿಗೇರಿಸಿದುದರ ಗುರುತೆಂದು ಅವರ ಅಭಿಪ್ರಾಯ. ನಡುವೆ ನಿಂತಿರುವವರು ರಾಜವಂಶವನ್ನು ಸಂಕಟದಲ್ಲಿ ಕಾಪಾಡಿದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು. ಹಾಗಾದರೆ ಆ ಒಂದೇ ಚಿತ್ರದ ಒಂದು ಬದಿಯಲ್ಲಿ ಹಳೆಯ ವಿದ್ಯೆ, ಇನ್ನೊಂದು ಬದಿಯಲ್ಲಿ ಹೊಸ ವಿದ್ಯೆ, ಎರಡನ್ನೂ ಕಂಡ ಹಿರಿಯ ವಿವೇಕವು ನಡುವೆ. ರಾಣಿಯ ದಾಕಿನ ಸುದ್ದಿಯು ಪ್ರಜೆಗಳ ಮನಸ್ಸನ್ನು ಒಲಿಸಿತೆಂದು 1806ರ ದಾಖಲೆಯು ಹೇಳುವುದೆಂದೂ ಆ ಪಂಡಿತರು ತೋರಿಸಿದ್ದಾರೆ.

ಕಂಪನಿಯ ಸರಕಾರಕ್ಕೆ ಇದರಲ್ಲಿ ಸ್ವಾರ್ಥವಿರಲಿಲ್ಲವೆಂದು ನಾವು ಹೇಳುವುದಿಲ್ಲ. ಸಿಪಾಯಿಗಳು ಸಾಯಬಾರದು, ಕಂದಾಯ ಕೊಡುವ ರೈತನು ಸಾಯಬಾರದು, ತಮ್ಮ ದಯೆಯನ್ನು ಜನರು ಕೊಂಡಾಡಬೇಕು, ಇವೆಲ್ಲ ಅವರ ಲೆಕ್ಕದಲ್ಲಿದ್ದವು. ಆದರೆ ಕಂಪನಿಯ ಲೆಕ್ಕ ಏನೇ ಇರಲಿ, ತೋಳನ್ನು ಒಡ್ಡಿದವರು ನಮ್ಮ ರಾಣಿ. ಹನ್ನೆರಡರ ಆಸುಪಾಸಿನ ಆ ಬಾಲೆಯು ಪರಪುರುಷನಾದ ಚಿತ್ರಕಾರನ ಮುಂದೆ ಸೆರಗು ಸರಿಸಿ ನಿಂತುದು ಆ ಕಾಲಕ್ಕೆ ಸಾಮಾನ್ಯವಾದ ಧೈರ್ಯವೆಂದು ಯಾರು ಹೇಳಬಲ್ಲರು?

ಈಗ ಆತ್ಮಪ್ರಶಂಸೆಯ ಪಕ್ಷದವರಿಗೆ ಎರಡು ಮಾತು. ದಾಕು ನಮ್ಮ ಧನ್ವಂತರಿಯ ಗ್ರಂಥದಲ್ಲಿಯೇ ಇದೆ ಎಂಬ ಹೇಳಿಕೆಯು ಮೊದಲು ಸದ್ದು ಮಾಡಿದುದು 1819ರಲ್ಲಿ, ಮದರಾಸಿನ ಇಂಗ್ಲಿಷ್ ಪತ್ರಿಕೆಯೊಂದಕ್ಕೆ ಬಂದ ಕಾಗದದಿಂದ. ಅದು ಯೂರೋಪಿನ ಪುಸ್ತಕಗಳಲ್ಲಿ ಮರುಮುದ್ರಿತವಾಗಿ, ಅಲ್ಲಿಂದ ನಮ್ಮಲ್ಲಿಗೆ ಹಿಂದಿರುಗಿ, ಪ್ರಮಾಣವೆಂದೇ ನಿಂತುಬಿಟ್ಟಿತು. ಚರಕ ಸುಶ್ರುತಗಳಲ್ಲಿ ಮಸೂರಿಕೆಯ ಲಕ್ಷಣವುಂಟು, ದಾಕಿನ ವಿಧಿಯಿಲ್ಲ. ಡೊಮಿನಿಕ್ ವುಯಸ್ಟಿಕ್ ಎಂಬ ಸಂಸ್ಕೃತ ವಿದ್ವಾಂಸರು 1987ರಲ್ಲಿ ಇದನ್ನು ಶೋಧಿಸಿ, ಇದು ‘ಧರ್ಮದ ಹೆಸರಿನ ಮೋಸ’ವೆಂದು ತೋರಿಸಿದರು. ಜನರು ದಾಕನ್ನು ಒಪ್ಪಲೆಂಬ ಉದ್ದೇಶದಿಂದ ಮದರಾಸಿನ ಎಲ್ಲಿಸ್ ಎಂಬ ಅಧಿಕಾರಿಯು ಸಂಸ್ಕೃತ ಶ್ಲೋಕಗಳನ್ನು ಹೊಸದಾಗಿ ರಚಿಸಿದನೆಂದೂ, ಅವುಗಳನ್ನು ಹಳೆಯ ಕಾಗದದಲ್ಲಿ ಬರೆಯಿಸಿ ಪ್ರಾಚೀನವೆಂದು ನಂಬಿಸುವ ಯತ್ನ ನಡೆಯಿತೆಂದೂ ಹೇಳಿಕೆಯಿದೆ. ಈ ಎಲ್ಲಿಸನೇ 1816ರಲ್ಲಿ ಕನ್ನಡ, ತೆಲುಗು, ತಮಿಳುಗಳು ಒಂದೇ ಕುಲದ ಭಾಷೆಗಳೆಂದು ತೋರಿಸಿದವನು. ಆ ಉಪಕಾರವು ಬೇರೆ. ಆದರೆ ವಾಚಕರೇ ಯೋಚಿಸಿರಿ: ಬಿಳಿಯ ಅಧಿಕಾರಿಯು ನಮ್ಮನ್ನು ಒಲಿಸಲೆಂದು ಹೆಣೆದ ಕಟ್ಟುಕಥೆಯನ್ನೇ ನಾವು ದೇಶಾಭಿಮಾನದ ಪತಾಕೆಯಾಗಿ ಎತ್ತಿ ಹಿಡಿಯುವುದಕ್ಕಿಂತ ನಗೆಗೀಡಾದ ಕೆಲಸ ಬೇರೊಂದುಂಟೇ? ನಿಜವಾದ ಕೀರ್ತಿಯು ಕೈಯಲ್ಲಿರುವಾಗ ಸುಳ್ಳು ಕೀರ್ತಿಗೆ ಕೈಚಾಚುವುದು ದಾರಿದ್ರ್ಯದ ಲಕ್ಷಣ.

ಪರಪ್ರಶಂಸೆಯ ಪಕ್ಷದವರಿಗೂ ಹೇಳಬೇಕಾದುದಿದೆ. ನಮ್ಮ ಜನರು ದಾಕಿಗೆ ಅಂಜಿದುದು ಅಜ್ಞಾನ ಒಂದರಿಂದಲೇ ಅಲ್ಲ. ತೋಳಿನಿಂದ ತೋಳಿಗೆ ರಸ ಹಾಕುವಾಗ ಒಬ್ಬರ ಬೇನೆ ಇನ್ನೊಬ್ಬರಿಗೆ ಅಂಟುವ ಭಯವು ನಿಜವಾದ ಭಯವೇ ಆಗಿತ್ತು. ಯೂರೋಪಿನಲ್ಲಿಯೇ ಹೀಗೆ ಮೇಹರೋಗವು ಹರಡಿದುದುಂಟು. ಗುಳ್ಳೆಯೆದ್ದ ಮಗುವನ್ನು ಎತ್ತಿಕೊಂಡು ಊರೂರಿಗೆ ಬಾ ಎಂದರೆ ಯಾವ ತಾಯಿ ಒಪ್ಪುವಳು? ಅನಂತರ ಬಂದ ಹಲ್ಲಿನ ಬಿಲ್ಲೆಯನ್ನು ಚರ್ಮಕ್ಕೆ ಒತ್ತಿ ತಿರುವಿದರೆ ಮಗುವು ಚೀರುತ್ತಿತ್ತು. ಎಷ್ಟೋ ವೇಳೆ ಗಾಯವು ಕೀವುಗಟ್ಟುತ್ತಿತ್ತು. ಇದರ ಮೇಲೆ ಬಲಾತ್ಕಾರವೂ ಸೇರಿದರೆ ಆಗುವುದೇನೆಂಬುದನ್ನು ಪುಣೆಯು ತೋರಿಸಿತು. ಅಲ್ಲಿ 1897ರಲ್ಲಿ ಪ್ಲೇಗಿನ ನೆಪದಿಂದ ಸೋಲ್ಜರರು ಮನೆಗಳೊಳಗೆ ನುಗ್ಗಿದುದರ ಫಲವಾಗಿ ರ‍್ಯಾಂಡನ ಕೊಲೆಯೇ ಆಗಿಹೋಯಿತು. ಮಹಾತ್ಮ ಗಾಂಧಿಯವರೂ ದಾಕನ್ನು ಹೊಲಸು ಕ್ರಿಯೆಯೆಂದು ವಿರೋಧಿಸಿದ್ದರೆಂಬುದನ್ನು ನಾವು ಮರೆಮಾಚುವುದಿಲ್ಲ. 1930ರಲ್ಲಿ ಸಾಬರಮತಿಯ ಆಶ್ರಮದಲ್ಲಿಯೇ ಸಿಡುಬಿನಿಂದ ಮೂರು ಮಕ್ಕಳು ತೀರಿಕೊಂಡವು. ಆಗಲೂ ಅವರು ತಮ್ಮ ಮತವನ್ನು ಇತರರ ಮೇಲೆ ಹೇರಲಿಲ್ಲ. ಮಹಾತ್ಮರಲ್ಲಿ ನಮಗಿರುವ ಭಕ್ತಿಯು ಅಚಲವಾದುದು. ಆದರೆ ಈ ಒಂದು ವಿಷಯದಲ್ಲಿ ಸತ್ಯವು ವೈದ್ಯರ ಪಕ್ಷದಲ್ಲಿತ್ತೆಂದು ಹೇಳದಿದ್ದರೆ, ಸತ್ಯವೇ ದೇವರೆಂದ ಆ ಪುಣ್ಯಪುರುಷರಿಗೆ ನಾವು ದ್ರೋಹ ಬಗೆದಂತಾಗುವುದು.

ಬೆಂಗಳೂರಿನ ದಾಕಿನ ಕಾರ್ಯಾಲಯದ ಕಥೆಯಲ್ಲಿ ಇನ್ನೊಂದು ಪಾಠವಿದೆ. ಡಾಕ್ಟರ್ ಪಲ್ಪು ಎಂಬವರು 1863ರಲ್ಲಿ ತಿರುವಾಂಕೂರಿನ ಈಳವ ಮನೆತನದಲ್ಲಿ ಹುಟ್ಟಿ, ಮದರಾಸಿನಲ್ಲಿ ವೈದ್ಯ ಪದವಿಯನ್ನು ಪಡೆದರು. ಜಾತಿಯ ದೆಸೆಯಿಂದ ಅವರ ಸ್ವಂತ ಸಂಸ್ಥಾನವು ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸರಕಾರವು ಕೊಟ್ಟಿತು. ಅವರು ಬೆಂಗಳೂರಿನಲ್ಲಿ ಕರುಗಳ ಮೈಯಿಂದ ದಾಕಿನ ರಸ ತೆಗೆಯುವ ಸಂಸ್ಥೆಯನ್ನು ನಡೆಸಿದರು. 1898ರ ಪ್ಲೇಗಿನಲ್ಲಿ, ಊರಿಗೆ ಊರೇ ಖಾಲಿಯಾಗುತ್ತಿದ್ದಾಗ, ಜೀವದ ಹಂಗು ತೊರೆದು ದುಡಿದರು. ಕರುವಿನ ರಸವು ಬಂದ ಮೇಲೆ ಮಕ್ಕಳ ತೋಳಿನ ಸರಪಳಿಯ ಅಗತ್ಯವೂ ಅದರ ಅಪಾಯವೂ ತಪ್ಪಿದವು. ಜಾತಿಯನ್ನು ಕೇಳಿ ವೈದ್ಯನನ್ನು ಹೊರಗಟ್ಟಿದ ನಾಡಿಗೆ ನಷ್ಟವಾಯಿತು. ಯೋಗ್ಯತೆಯನ್ನು ನೋಡಿ ಬಾಗಿಲು ತೆರೆದ ನಾಡಿಗೆ ಪ್ರಾಣಗಳು ಉಳಿದವು.

ಕನ್ನಡಿಗರ ಹಂಚಿಕೆಯಿಂದಾದ ಕೇಡನ್ನೂ ಇಲ್ಲಿ ಹೇಳದೆ ಬಿಡಲಾಗದು. ಮೈಸೂರಿನ ಕನ್ನಡಿಗರಿಗೆ ಬೆಂಗಳೂರಿನ ರಸ. ಮುಂಬಯಿ ಪ್ರಾಂತದ ಕನ್ನಡಿಗರಿಗೆ, ಇಪ್ಪತ್ತನೆಯ ಶತಮಾನದ ಆರಂಭದಿಂದ, ಬೆಳಗಾವಿಯ ವ್ಯಾಕ್ಸಿನ್ ಡಿಪೋದ ರಸ. ಬಳ್ಳಾರಿ ಮಂಗಳೂರುಗಳಿಗೆ ಮದರಾಸಿನ ಕಾನೂನು, ಕಲಬುರಗಿ ರಾಯಚೂರುಗಳಿಗೆ ನಿಜಾಮರ ಕಾನೂನು, ಕೊಡಗಿಗೆ ಮತ್ತೊಂದು. ಒಂದು ಸರಕಾರವು ದಾಕನ್ನು ಕಡ್ಡಾಯ ಮಾಡಿದ ಊರಿಗೂ ಇನ್ನೊಂದು ಸರಕಾರವು ಕೇಳುವವರಿಲ್ಲದೆ ಬಿಟ್ಟ ಊರಿಗೂ ನಡುವೆ ಸಂತೆಯ ಗಾಡಿಗಳು ಓಡಾಡುತ್ತಲೇ ಇದ್ದವು. ಸಿಡುಬು ಯಾವ ಗಡಿಕಲ್ಲಿಗೂ ಕೈಮುಗಿದು ಹಿಂದಿರುಗಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ನಾವು ಪಡೆದ ಲಾಭಗಳನ್ನು ಎಣಿಸುವವರು, ಒಂದೇ ಆರೋಗ್ಯ ಇಲಾಖೆಯ ಕಣ್ಣಿನ ಕೆಳಗೆ ಬೀದರಿನ ಮಗುವೂ ಹೊಸಕೋಟೆಯ ಮಗುವೂ ಬಂದುದನ್ನು ಎಣಿಸಲು ಮರೆಯುತ್ತಾರೆ.

ಮುಂದಿನ ಕಥೆ ಅನೇಕರ ನೆನಪಿನಲ್ಲಿದೆ. 1962ರಲ್ಲಿ ರಾಷ್ಟ್ರೀಯ ಸಿಡುಬು ನಿರ್ಮೂಲನ ಕಾರ್ಯಕ್ರಮವು ಮೊದಲಾಯಿತು. ಬಿಸಿಲಿಗೆ ಕೆಡದ ಒಣ ರಸವು ಬಂದಿತು; ಹಲ್ಲಿನ ಬಿಲ್ಲೆಯ ಸ್ಥಾನದಲ್ಲಿ ಎರಡು ಮೊನೆಯ ಸಣ್ಣ ಸೂಜಿ ಬಂದಿತು. ಎಲ್ಲರಿಗೂ ದಾಕು ಹಾಕಿ ಮುಗಿಸುವೆವೆಂಬ ಹಟವನ್ನು ಬಿಟ್ಟು, ಬೇನೆ ಎದ್ದ ಮನೆಯನ್ನು ಹುಡುಕಿ ಅದರ ಸುತ್ತಲಿನವರಿಗೆ ಮೊದಲು ಹಾಕುವ ಉಪಾಯವನ್ನು ಹಿಡಿದರು. 1974ರ ಮೊದಲ ಐದು ತಿಂಗಳುಗಳಲ್ಲಿ ಬಿಹಾರ ಮುಂತಾದ ಉತ್ತರದ ಪ್ರಾಂತಗಳಲ್ಲಿ ಸುಮಾರು 15,000 ಮಂದಿಯನ್ನು ನುಂಗಿದ ಮಾರಿಯು ಮರುವರ್ಷವೇ ನಮ್ಮ ದೇಶದಿಂದ ಕಾಲುಕಿತ್ತಿತು. ಈ ಜಯವನ್ನು ತಂದವರು ಸಣ್ಣ ಸಂಬಳದ ದಾಕಿನವರು. ಬಿಸಿಲಲ್ಲಿ ಹಳ್ಳಿಯಿಂದ ಹಳ್ಳಿಗೆ ನಡೆದು, ಬೈಗಳನ್ನು ತಿಂದು, ನಾಯಿಗಳಿಂದ ಅಟ್ಟಿಸಿಕೊಂಡು, ಹೊಲಕ್ಕೆ ಓಡಿದ ಮಕ್ಕಳನ್ನು ಸಂಜೆಯವರೆಗೆ ಕಾದು ಕುಳಿತವರು ಅವರು. ‘ಊರ ಉಪಕಾರ ಮಾಡಬೇಡ, ಹೆಣದ ಸಿಂಗಾರ ಮಾಡಬೇಡ’ ಎಂಬ ಗಾದೆಯನ್ನು ಕೇಳಿಯೂ ಊರ ಉಪಕಾರವನ್ನೇ ಮಾಡಿದವರು.

ಹಾಗಾದರೆ ಸಿಡುಬನ್ನು ಅಟ್ಟಿದವರು ಯಾರು? ಹಳ್ಳಿಯ ಮಾತಿಗೆ ಕಿವಿಗೊಟ್ಟ ವೈದ್ಯ, ರಸವನ್ನು ಹೊತ್ತ ಹೆಸರಿಲ್ಲದ ಮಕ್ಕಳು, ತೋಳು ತೋರಿದ ರಾಣಿ, ಜಾತಿಯನ್ನು ಮೀರಿ ಕೊಟ್ಟ ಕೆಲಸ, ಕಾಲು ಸವೆಸಿದ ದಾಕಿನವನು, ಅಂಜಿದರೂ ಕಡೆಗೆ ನಂಬಿ ಮಗುವನ್ನು ಒಪ್ಪಿಸಿದ ತಾಯಿ. ಇವರಲ್ಲಿ ಒಬ್ಬರನ್ನು ಬಿಟ್ಟರೂ ಸರಪಳಿ ಕಡಿಯುತ್ತಿತ್ತು.

ಇದು ಹಳೆಯ ಕಥೆಯೆಂದು ವಾಚಕರು ಪತ್ರಿಕೆಯನ್ನು ಮಡಿಸದಿರಲಿ. ದಡಾರವು ಇಂದಿಗೂ ಮಕ್ಕಳನ್ನು ಕೊಲ್ಲುತ್ತಿದೆ. ಅದನ್ನು ತಡೆಯುವ ಚುಚ್ಚುಮದ್ದು ಸರಕಾರಿ ಆಸ್ಪತ್ರೆಯಲ್ಲಿ ಹಣವಿಲ್ಲದೆ ದೊರೆಯುತ್ತದೆ. ಆದರೂ ಸುಳ್ಳು ಸುದ್ದಿಯೊಂದು ಮನೆಯಿಂದ ಮನೆಗೆ ಹಬ್ಬಿ ತಾಯಂದಿರ ಮನಸ್ಸನ್ನು ಕದಡುವುದಕ್ಕೆ ಒಂದು ಸಂಜೆ ಸಾಕು. ಅಂಥ ಸಮಯದಲ್ಲಿ ಗದರುವ ಅಧಿಕಾರಿಯಿಂದಲೂ, ಹೀಯಾಳಿಸುವ ವಿದ್ಯಾವಂತನಿಂದಲೂ ಕೆಲಸ ಕೆಡುವುದೇ ಹೊರತು ಆಗುವುದಿಲ್ಲ. ಊರಿನ ಗೌರವಸ್ಥರು, ದೇವಸ್ಥಾನದ ಧರ್ಮದರ್ಶಿಗಳು, ಮೌಲವಿಗಳು, ಪಾದ್ರಿಗಳು, ಮೊದಲು ತಮ್ಮ ಮನೆಯ ಮಕ್ಕಳ ತೋಳನ್ನು ಒಡ್ಡಲಿ. ಅರಮನೆಯೇ ಅಂದು ಒಡ್ಡಿತ್ತೆಂಬುದನ್ನು ನೆನೆಯಲಿ.

ಉಪಾಧ್ಯಾಯ ಮಹಾಶಯರಲ್ಲಿ ನಮ್ಮದೊಂದು ವಿಶೇಷ ಬಿನ್ನಹ. 1980ಕ್ಕೆ ಮುಂಚೆ ಹುಟ್ಟಿದ ಬಹುಮಂದಿಯ ತೋಳಿನಲ್ಲಿ ದಾಕಿನ ಅಗಲವಾದ ಕಲೆಯಿದೆ. ಆ ಕಲೆಯುಳ್ಳವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ದೊಡ್ಡಬಳ್ಳಾಪುರದ ನೇಕಾರರ ಕೇರಿಯಲ್ಲಿ, ದೇವನಹಳ್ಳಿಯ ಕೋಟೆಯೊಳಗಿನ ಮನೆಗಳಲ್ಲಿ, ಹೊಸಕೋಟೆ ನೆಲಮಂಗಲಗಳ ಹಳ್ಳಿಗಳಲ್ಲಿ ನಿಮ್ಮ ಶಿಷ್ಯರು ತಮ್ಮ ಅಜ್ಜ ಅಜ್ಜಿಯರ ಬಳಿ ಕುಳಿತು ಆ ಕಲೆಯ ಕಥೆಯನ್ನು ಕೇಳಿ ಬರೆದು ತರಲಿ. ಯಾರು ಓಡಿಹೋದರು, ಯಾರು ಹಿಡಿದು ತಂದರು, ಮನೆಯಲ್ಲಿ ಯಾರು ಬೇನೆಯಿಂದ ಹೋದರು, ಬಾಗಿಲಿಗೆ ಬೇವು ಕಟ್ಟಿದವರು ಯಾರು, ಇವೆಲ್ಲವೂ ದಾಖಲಾಗಲಿ. ರಾಜರ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದ ಹುಡುಗನು ತನ್ನ ಅಜ್ಜಿಯ ತೋಳಿನಲ್ಲಿಯೇ ಒಂದು ಯುದ್ಧದ ಗುರುತಿದೆಯೆಂದು ಅರಿತರೆ, ಮುಂದೆ ತನ್ನ ಮಗುವಿಗೆ ಚುಚ್ಚುಮದ್ದು ಹಾಕಿಸುವಾಗ ಅವನಿಗೆ ಯಾರ ಉಪದೇಶವೂ ಬೇಕಾಗದು.